ಬೊಂಡಾಸದ ಮಿದುಳಿನ ನಡುವಿನ ದಾರಿ

ಬೊಂಡಾಸದ, ಅಂದರೆ ಸ್ಕ್ವಿಡ್‌ನ, ಅನ್ನನಾಳ ಮಿದುಳನ್ನು ತೂರಿಕೊಂಡು ಹೋಗುತ್ತದೆ ಎಂದು ಕರಿಹಲಗೆಯ ಮೇಲೆ ಚಿತ್ರ ಬರೆಯದ ಪ್ರಾಣಿಶಾಸ್ತ್ರದ ಮೇಷ್ಟ್ರಿಲ್ಲ. ಆದರೆ ಗಾಜಿನ ಜಾಡಿಯಲ್ಲಿ ಅದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರನ್ನು ನಮ್ಮ ಕರಾವಳಿಯ ಕಾಲೇಜುಗಳಲ್ಲಿ ನಾನಂತೂ ನೋಡಿಲ್ಲ. ನಾನು ತೋರಿಸಿದೆ. 4 ವರ್ಷ ಹಿಡಿಯಿತು, ಸುಮಾರು 19 ಪ್ರಾಣಿಗಳು ಹಾಳಾದವು, ಕೈಯಿಂದ 22 ಸಾವಿರದ ಆಸುಪಾಸು ಖರ್ಚಾಯಿತು. ಅದರಲ್ಲಿ ಅರ್ಧದಷ್ಟು ಜಾಡಿಗಳಿಗೇ ಹೋಯಿತು.

ಮಾರುಕಟ್ಟೆಯ ಸಾಮಾನ್ಯ ಬೊಂಡಾಸದಲ್ಲಿ ಕೈ ಪಳಗಿಸಿಕೊಂಡೆ, ಆದರೆ ನನಗೆ ಬೇಕಾಗಿದ್ದುದು ಆಳ ಸಮುದ್ರದ್ದು, ಸ್ಥೆನೋಟ್ಯೂಥಿಸ್. ಹಗಲು ನೂರಾರು ಮೀಟರ್ ಕೆಳಗಿದ್ದು ರಾತ್ರಿ ಮೇಲೆ ಬರುವ ಜಾತಿ. ಬೆನ್ನಿನ ಮುಂಭಾಗದಲ್ಲಿ ಬೆಳಕು ಸೂಸುವ ಅಂಡಾಕಾರದ ತೇಪೆ ಇರುತ್ತದೆ. ಬಲೆಯಲ್ಲಿ ಬಂದದ್ದನ್ನು ಕೊಳ್ಳಬೇಡಿ, ಉಜ್ಜಾಟಕ್ಕೆ ಆ ಚರ್ಮವೇ ಕಿತ್ತುಹೋಗಿರುತ್ತದೆ. ಗಾಳಕ್ಕೆ ಸಿಕ್ಕಿದ್ದೇ ಬೇಕು. ಇದರ ಕುಬ್ಜ ರೂಪವೂ ಒಂದಿದೆ, ಅದಕ್ಕೆ ಬೆನ್ನಿನ ತೇಪೆಯೇ ಇಲ್ಲ. ಒಮ್ಮೆ ಅಂಥವು ಮೂರು ಬಂದವು, ಇಡೀ ದಿನ ತೇಪೆ ಹುಡುಕಿ ಮೂರ್ಖನಾದೆ. ಮಲ್ಪೆ ಬಂದರಿನಲ್ಲಿ ಪರಿಚಯದ ದೋಣಿಯವರೊಬ್ಬರು, "ಮೇಷ್ಟ್ರೇ, ತಿನ್ನುವುದಕ್ಕಲ್ಲ ಎಂದರೆ ಅರ್ಧ ಬೆಲೆ ಕೊಡಿ ಸಾಕು" ಎಂದು ನಕ್ಕರು. ಅರ್ಧವೇ ಕೊಟ್ಟೆ.

ಮೊದಲ ಐದಾರನ್ನು ಹಸಿಯಾಗಿಯೇ ಕೊಯ್ದೆ. ಮೃದ್ವಸ್ಥಿಯ ಕವಚ ಬ್ಲೇಡಿಗೆ ಬಗ್ಗುವುದಿಲ್ಲ, ಒಳಗಿನ ಮಿದುಳು ಮೊಸರಿನಂತೆ ಹರಿದುಹೋಗುತ್ತದೆ. ಆಮೇಲೆ ಕೊಳೆಯದಂತೆ ಗಟ್ಟಿ ಮಾಡುವ ಫಾರ್ಮಲಿನ್ ದ್ರಾವಣದಲ್ಲಿ ಇಟ್ಟೆ, ಅದನ್ನೂ ಗಾಢ ಮಾಡಿದೆ. ಹೊರಗೆ ಚಕ್ಕಳ, ಒಳಗೆ ಕೊಳೆತ ಮಾಂಸ! ವಿಭಾಗದ ಹಿರಿಯರೊಬ್ಬರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, "ಚಾರ್ಟ್ ತೂಗುಹಾಕಿದರೆ ಆಗುವುದಿಲ್ಲವೇ?" ಎಂದರು. ಆ ಮಾತೇ ನನ್ನನ್ನು ಹಠಕ್ಕೆ ಬೀಳಿಸಿತು.

ದಾರಿ ತೋರಿಸಿದ್ದು ಮನೆಯಲ್ಲಿ ಲಾಡಿ ಪೋಣಿಸುವ ಪಿನ್ನು. ಫಾರ್ಮಲಿನ್‌ಗೆ ಹಾಕುವ ಮೊದಲೇ ಅನ್ನನಾಳದೊಳಗೆ ನೈಲಾನ್ ದಾರ ಇಳಿಸಿಬಿಟ್ಟರೆ ನಾಳ ಮುಚ್ಚಿಕೊಳ್ಳುವುದಿಲ್ಲ. ಬಾಯಿಯಿಂದ ಇಳಿಸಲು ಹೋದರೆ ಕೊಕ್ಕು ಮತ್ತು ಅರದಂಥ ನಾಲಿಗೆ ಅಡ್ಡ ಬರುತ್ತವೆ. ಹೊಟ್ಟೆಯ ಕಡೆಯಿಂದ ಮೇಲಕ್ಕೆ ತಳ್ಳಬೇಕು. ದಾರದ ತುದಿಯನ್ನು ಮೇಣದಿಂದ ಮೊಂಡು ಮಾಡಿಕೊಳ್ಳಿ. ಮಿದುಳಿನ ಉಂಗುರದ ಹತ್ತಿರ ಅದು ಬಿಗಿಯಾಗಿ ನಿಲ್ಲುತ್ತದೆ, ಅಲ್ಲಿ ಅವಸರ ಮಾಡಿದ ನಾಲ್ಕು ಪ್ರಾಣಿಗಳು ನನ್ನ ಕಸದ ಬುಟ್ಟಿ ಸೇರಿವೆ. ಮೆಲ್ಲನೆ ತಿರುಗಿಸುತ್ತ ಹೋದರೆ ದಾರಿ ಬಿಡುತ್ತದೆ. ಅಷ್ಟು ಇಕ್ಕಟ್ಟಿನ ದಾರಿಯಾದ್ದರಿಂದಲೇ ಈ ಪ್ರಾಣಿ ಬೇಟೆಯನ್ನು ಸಣ್ಣ ಚೂರು ಮಾಡಿ ನುಂಗುತ್ತದೆ ಎಂಬುದು ನನ್ನ ಬೆರಳಿಗೆ ಅರ್ಥವಾದದ್ದು ಆಗಲೇ.

ಕಣ್ಣಿನ ಹಿಂದಿನಿಂದ ತಲೆಗೂ ಒಂದೆರಡು ಸಿರಿಂಜ್ ಫಾರ್ಮಲಿನ್ ಕೊಟ್ಟು ಎಂಟು ದಿನ ಬಿಡುತ್ತೇನೆ. ಆಮೇಲೆ ದಾರ ಎಳೆದು ತೆಗೆಯುವುದು ಮುಖ್ಯ. ಒಮ್ಮೆ ಮರೆತೆ, ಗರಗಸ ದಾರಕ್ಕೆ ಸಿಕ್ಕಿ ಇಡೀ ಮಿದುಳನ್ನೇ ಎಳೆದುಕೊಂಡು ಬಂತು. ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ತೊಳೆದ ತಲೆಯನ್ನು ಜೆಲಾಟಿನ್‌ನಲ್ಲಿ ಕೂರಿಸಿ, ಡೀಪ್ ಫ್ರೀಜರಿನಲ್ಲಿ ಕಲ್ಲಾಗಿಸಿ, ಸಣ್ಣ ಹಲ್ಲಿನ ಗರಗಸದಿಂದ ಕೊಕ್ಕಿನ ನಡುಗೆರೆ ನೋಡಿಕೊಂಡು ಕೊಯ್ಯುತ್ತೇನೆ. ಜೆಲಾಟಿನ್‌ಗೆ ಏನು ಬೆರೆಸುತ್ತೇನೆ, ಕೊಯ್ದ ಮುಖಕ್ಕೆ ಏನು ಸವರುತ್ತೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಕೊನೆಗೆ ಆ ಕಾಲುವೆಯಲ್ಲಿ ಕೆಂಪು ರೇಷ್ಮೆ ದಾರ ಇಟ್ಟರೆ ಮೇಲೊಂದು ಮಿದುಳಿನ ಮುದ್ದೆ, ಕೆಳಗೊಂದು ಮುದ್ದೆ, ನಡುವೆ ಊಟದ ದಾರಿ.

ಮಧ್ಯೆ ಮೂರು ಹೃದಯಗಳಿಗೂ ನೀಲಿ ಬಣ್ಣ ತುಂಬಿಸಲು ಹೋದೆ. ಬೊಂಡಾಸದ ರಕ್ತವೇ ತಾಮ್ರದಿಂದಾಗಿ ನೀಲಿ, ಒಪ್ಪುತ್ತದೆ ಎಂಬ ಆಸೆ. ಕಿವಿರಿನ ಬುಡದ ಎರಡೂ ಹೃದಯಗಳು ಒಡೆದವು. ನನ್ನ ಅಂಗಿಯ ಮೇಲೆ ಇನ್ನೂ ಕಲೆ ಇದೆ. ಕಣ್ಣಿನ ಮಸೂರವನ್ನು ಬೇಯಿಸಿದಾಗ ಬಿಳಿ ಮಣಿಯಾಗಿ ಎರಡು ಹೋಳಾಯಿತು. ಅದನ್ನು ಮಗಳು ಜ್ಯಾಮಿತಿ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದಾಳೆ.

ಎಡಗಣ್ಣು ದೊಡ್ಡದಾಗಿ ಬಲಗಣ್ಣು ಸಣ್ಣದಾಗಿರುವ ಹಿಸ್ಟಿಯೋಟ್ಯೂಥಿಸ್ ಎಂಬ ಬೊಂಡಾಸ ಒಂದು ಸಿಕ್ಕಿದರೆ ಅದರ ತಲೆಗೂ ಇದೇ ಕ್ರಮ ಮಾಡುವ ಆಸೆಯಿದೆ. ದೋಣಿಯವರಿಗೆ ಹೇಳಿಟ್ಟಿದ್ದೇನೆ. ಆ ಹಿರಿಯರು ಕಳೆದ ತಿಂಗಳು ಬಂದು ಜಾಡಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ದಾರ ಸ್ವಲ್ಪ ದಪ್ಪವಾಯಿತು" ಎಂದರು.