ಹಳೆಯ ಕಾರು ಕೊಳ್ಳುವವರಿಗೆ ಒಂದು ಮಾತು

ದಾವಣಗೆರೆಯಿಂದ ಹರಿಹರಕ್ಕೆ ದಿನವೂ ನನ್ನನ್ನು ಹೊತ್ತೊಯ್ಯುವುದು ಹಳೆಯ ಮಾರುತಿ 800. ಪಿ.ಬಿ. ರಸ್ತೆಯಲ್ಲಿ ಆಟೋ ಉಜ್ಜಿಕೊಂಡು ಹೋದರೂ ಎದೆ ಧಸಕ್ಕೆನ್ನುವುದಿಲ್ಲ; ಬೆಣ್ಣೆದೋಸೆ ಹೋಟೆಲಿನ ಮುಂದೆ ಅಂಗೈಯಗಲ ಜಾಗ ಸಿಕ್ಕರೂ ನುಸುಳುತ್ತದೆ. ಹೊಸ ಕಾರಿದ್ದಾಗ ಈ ನೆಮ್ಮದಿ ಇರಲಿಲ್ಲ.

ಕೊಳ್ಳುವ ಮುನ್ನ ಎಂಜಿನ್ ತಣ್ಣಗಿರುವಾಗಲೇ ಹೋಗಿ ನೋಡಿ. ನೀವು ಬರುವಷ್ಟರಲ್ಲಿ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆಂದೇ ನನ್ನ ಲೆಕ್ಕ. ಕಾಲಡಿಯ ಮ್ಯಾಟ್ ಎತ್ತಿ ತುಕ್ಕು ಹುಡುಕಿ. ರೇಡಿಯೇಟರ್‌ನ ರಬ್ಬರ್ ಪೈಪನ್ನು ಹಿಸುಕಿ. ಬಿರುಕು ಬಿಟ್ಟಿದ್ದರೆ ಕೂಡಲೇ ಬದಲಿಸಿ, ನಮ್ಮ ಏಪ್ರಿಲ್ ಬಿಸಿಲಿಗೆ ಅದು ತಡೆಯುವುದಿಲ್ಲ. (ಎಂಜಿನ್ ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆರೆಯಬೇಡಿ.) 15 ವರ್ಷ ದಾಟಿದ ಕಾರಾದರೆ ನೋಂದಣಿ ನವೀಕರಣವಾಗಿದೆಯೇ ನೋಡಿ, ಅದು ಸಿಗುವುದು 5 ವರ್ಷಕ್ಕಷ್ಟೇ.