ನನ್ನ ಪುಟ್ಟ ತಂತ್ರಾಂಶಕ್ಕೆ ಲೈಸೆನ್ಸ್ ಹಾಕಿದ್ದು ಹೀಗೆ

ಉದ್ದನೆಯ ಆಡಿಯೊ ರೆಕಾರ್ಡಿಂಗನ್ನು ಮೌನ ಇರುವ ಕಡೆಯೆಲ್ಲ ಕತ್ತರಿಸಿ, ತುಂಡು ತುಂಡಾಗಿ ಉಳಿಸಿಕೊಡುವ ಸಣ್ಣ ತಂತ್ರಾಂಶವೊಂದನ್ನು ಬರೆದಿದ್ದೆ. ಭಾಷಣ, ಪಾಠ, ಸಂದರ್ಶನಗಳನ್ನು ಕೇಳಿ ಟೈಪ್ ಮಾಡುವವರಿಗೆ ಉಪಯೋಗಕ್ಕೆ ಬರುತ್ತದೆ. ಕೋಡ್ ಬರೆಯುವುದು ಅಂಥ ಕಷ್ಟ ಆಗಲಿಲ್ಲ. ಅದನ್ನು ನಾಲ್ಕು ಜನರ ಕೈಗೆ ಸರಿಯಾಗಿ ಕೊಡುವುದಿದೆಯಲ್ಲ, ತಲೆ ಜಾಸ್ತಿ ಖರ್ಚಾಗಿದ್ದು ಅದಕ್ಕೆ.

"ಗಿಟ್‌ಹಬ್‌ಗೆ ಹಾಕಿಬಿಡು, ಓಪನ್ ಸೋರ್ಸ್ ಆಯ್ತಲ್ಲ" ಅನ್ನುವವರು ಬಹಳ ಜನ. ಹಾಗೆ ಆಗುವುದಿಲ್ಲ. ಗಿಟ್‌ಹಬ್ ಕೋಡ್ ಇಡುವ ತಾಣ ಅಷ್ಟೆ; ಓಪನ್ ಸೋರ್ಸ್ ಅನ್ನಬೇಕಾದರೆ ಯಾರು ಬೇಕಾದರೂ ಬಳಸಿ, ಬದಲಾಯಿಸಿ, ಹಂಚಲು ಅನುಮತಿ, ಅಂದರೆ ಲೈಸೆನ್ಸ್, ಇರಬೇಕು. ಬರ್ನ್ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳಲ್ಲೆಲ್ಲ ಬರೆದ ಕ್ಷಣಕ್ಕೇ ಕಾಪಿರೈಟ್ ಬಂದುಬಿಡುತ್ತದೆ. ಅರ್ಜಿ ಬೇಕಿಲ್ಲ, ಸಿ ಅಕ್ಷರಕ್ಕೆ ಸುತ್ತು ಹಾಕಬೇಕಿಲ್ಲ. ಪ್ರಪಂಚದ ಹೆಚ್ಚುಕಡಿಮೆ ಎಲ್ಲ ದೇಶಗಳೂ ಆ ಒಪ್ಪಂದದಲ್ಲಿವೆ. ಹಾಗಾಗಿ ಲೈಸೆನ್ಸ್ ಇಲ್ಲದ ಕೋಡ್ ಕಣ್ಣಿಗೆ ಬೀಳುತ್ತದೆ ಅಷ್ಟೆ. ಅದನ್ನು ತಮ್ಮ ತಂತ್ರಾಂಶಕ್ಕೆ ಸೇರಿಸಿಕೊಂಡು ಹಂಚುವ ಹಕ್ಕು ಯಾರಿಗೂ ಸಿಕ್ಕಿರುವುದಿಲ್ಲ. "ಅಯ್ಯೋ, ಸುಮ್ನೆ ತಗೊಳ್ಳಿ" ಅಂತ ಬರೆದವರು ಬಾಯಲ್ಲಿ ಹೇಳಿದರೂ ಯಾವ ಕಂಪನಿಯ ವಕೀಲರೂ ಅದನ್ನು ಮುಟ್ಟಲು ಬಿಡುವುದಿಲ್ಲ. ಬಿಡಲೂಬಾರದು.

ಲೈಸೆನ್ಸ್ ಬೇಕೇ ಬೇಕು, ಸರಿ. ಆದರೆ ಯಾವುದು ಅಂತ ಯೋಚಿಸುವ ಮೊದಲು, ನನ್ನದಲ್ಲದ್ದು ಏನೇನು ಇದರೊಳಗೆ ಕೂತಿದೆ ಅಂತ ನೋಡಬೇಕಿತ್ತು. ಬೇರೆಯವರ ವಸ್ತುವಿಗೆ ಅನುಮತಿ ಕೊಡಲು ನಾನ್ಯಾರು? ಒಂದು ಸಾದಾ ಪಟ್ಟಿ ಮಾಡಿಕೊಂಡೆ. ಏನು, ಎಲ್ಲಿಂದ ಬಂತು, ಯಾರದ್ದು, ಯಾವ ಲೈಸೆನ್ಸ್. ನಾಲ್ಕೇ ಕಾಲಂ.

ಮೊದಲ ಹೆಸರು ಎಫ್‌ಎಫ್‌ಎಂಪೆಗ್, ಆಡಿಯೊ ವಿಡಿಯೊಗಳನ್ನು ಕತ್ತರಿಸಿ ಬದಲಾಯಿಸುವ ತಂತ್ರಾಂಶ. ಮೌನ ಹುಡುಕುವ ನಿಜವಾದ ದುಡಿಮೆ ಅದರದ್ದೇ. ಅದರಲ್ಲಿ ಸೈಲೆನ್ಸ್‌ಡಿಟೆಕ್ಟ್ ಅನ್ನುವ ಫಿಲ್ಟರ್ ಇದೆ. ಮೌನ ಇಷ್ಟನೇ ಸೆಕೆಂಡಿಗೆ ಶುರುವಾಯಿತು, ಇಷ್ಟಕ್ಕೆ ಮುಗಿಯಿತು ಅಂತ ಸಾಲು ಸಾಲಾಗಿ ಹೇಳುತ್ತಾ ಹೋಗುತ್ತದೆ. ನನ್ನ ಕೋಡ್ ಆ ಸಾಲುಗಳನ್ನು ಓದಿ ಕತ್ತರಿ ಹಾಕುತ್ತದೆ, ಅಷ್ಟೆ.

ಈ ಎಫ್‌ಎಫ್‌ಎಂಪೆಗ್‌ನ ಲೈಸೆನ್ಸ್ ಯಾವುದು ಅಂದರೆ ಒಂದೇ ಉತ್ತರ ಇಲ್ಲ. ಮೂಲದಲ್ಲಿ ಎಲ್‌ಜಿಪಿಎಲ್ 2.1 ಅಥವಾ ನಂತರದ್ದು. ಜಿಪಿಎಲ್ ಅಂದರೆ, ಹಂಚುವವರು ಸೋರ್ಸ್ ಕೋಡನ್ನೂ (ಬರೆದ ಮೂಲ ಕೋಡನ್ನೂ) ಅದೇ ಷರತ್ತಿನಲ್ಲಿ ಕೊಡಬೇಕು ಅನ್ನುವ ಲೈಸೆನ್ಸ್; ಎಲ್‌ಜಿಪಿಎಲ್ ಅದರ ಸಡಿಲ ರೂಪ. ಕಂಪೈಲ್ ಮಾಡುವಾಗ, ಅಂದರೆ ಮೂಲ ಕೋಡನ್ನು ಓಡಿಸಬಲ್ಲ ಪ್ರತಿಯಾಗಿ ಮಾಡುವಾಗ, 'ಎನೇಬಲ್ ಜಿಪಿಎಲ್' ಆಯ್ಕೆ ಹಾಕಿದರೆ ಇಡೀ ಪ್ರತಿ ಜಿಪಿಎಲ್ ಆಗುತ್ತದೆ. ವಿಡಿಯೊ ಕುಗ್ಗಿಸುವ ಎಕ್ಸ್264 ಬೇಕು ಅಂದರೆ ಹಾಗೆಯೇ ಮಾಡಬೇಕು. 'ಎನೇಬಲ್ ನಾನ್‌ಫ್ರೀ' ಹಾಕಿದರಂತೂ ಆ ಪ್ರತಿಯನ್ನು ಯಾರಿಗೂ ಹಂಚುವ ಹಾಗೇ ಇಲ್ಲ. ಟರ್ಮಿನಲ್‌ನಲ್ಲಿ ಎಫ್‌ಎಫ್‌ಎಂಪೆಗ್ ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಮೇಲುಗಡೆ 'ಕಾನ್ಫಿಗರೇಶನ್' ಅಂತ ಒಂದು ಉದ್ದ ಸಾಲು ಬರುತ್ತದೆ. ಯಾರೂ ಓದದ ಸಾಲು. ಅದರ ಜಾತಕ ಇರುವುದು ಅಲ್ಲೇ. ನಾನು ಇಳಿಸಿಕೊಂಡಿದ್ದ ರೆಡಿಮೇಡ್ ಪ್ರತಿಯ ಆ ಸಾಲಿನಲ್ಲಿ ಜಿಪಿಎಲ್ ಇತ್ತು, ಎಕ್ಸ್264 ಇತ್ತು. ನನಗೆ ಬೇಕಿದ್ದದ್ದು ಬರೀ ಆಡಿಯೊ!

ಯೋಚಿಸಿ, ಎಫ್‌ಎಫ್‌ಎಂಪೆಗ್ ಅನ್ನು ಜೊತೆಗೆ ಕೊಡುವುದೇ ಬೇಡ ಅಂತ ತೀರ್ಮಾನಿಸಿದೆ. ಬಳಸುವವರು ತಮ್ಮ ಕಂಪ್ಯೂಟರಿಗೆ ತಾವೇ ಹಾಕಿಕೊಳ್ಳಲಿ, ನನ್ನ ತಂತ್ರಾಂಶ ಹೊರಗಿನಿಂದ ಅದನ್ನು ಕರೆಯಲಿ. ಇಂಥ ಬೈನರಿಯನ್ನು (ಓಡಿಸಲು ಸಿದ್ಧವಾದ ಪ್ರತಿಯನ್ನು) ನಾವು ಹಂಚಿದರೆ ಅದರ ಸೋರ್ಸ್ ಕೋಡ್ ಒದಗಿಸುವ ಹೊಣೆಯೂ ನಮ್ಮ ತಲೆಗೆ ಬರುತ್ತದೆ. ಬಳಕೆದಾರರಿಗೆ ಒಂದು ಹೆಜ್ಜೆ ಜಾಸ್ತಿಯಾಯಿತು, ನಿಜ. ಅದಕ್ಕೆ ಬೈದವರೂ ಇದ್ದಾರೆ.

ನನ್ನ ಕೋಡ್ ಬಳಸುವ ಪೈಥಾನ್ ಲೈಬ್ರರಿಗಳಿಗೆ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿಗೆ, ಪಿಪ್‌-ಲೈಸೆನ್ಸಸ್ ಅನ್ನುವ ಸಲಕರಣೆ ಇದೆ. ಯಾವ ಲೈಬ್ರರಿಗೆ ಯಾವ ಲೈಸೆನ್ಸ್ ಅಂತ ಪಟ್ಟಿ ಕೊಡುತ್ತದೆ. ಆದರೆ ಅದು ಹೇಳುವುದು ಬರೆದವರು ಪ್ಯಾಕೇಜಿನ ಮಾಹಿತಿಯಲ್ಲಿ ತುಂಬಿದ್ದನ್ನು ಮಾತ್ರ. ಎಷ್ಟೋ ಜನ ಆ ಜಾಗ ಖಾಲಿ ಬಿಟ್ಟಿರುತ್ತಾರೆ. ಅಂಥ ಕಡೆ ಫೋಲ್ಡರ್ ತೆರೆದು ಲೈಸೆನ್ಸ್ ಫೈಲನ್ನೇ ಓದಿದೆ.

ನಿಜವಾದ ತಲೆನೋವು ಲೈಬ್ರರಿಗಳದ್ದಲ್ಲ, ಚಿಲ್ಲರೆ ವಸ್ತುಗಳದ್ದು. ಪ್ರೋಗ್ರಾಂ ಬರೆಯುವವರ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಿಂದ ಎತ್ತಿಕೊಂಡ ಹತ್ತಿಪ್ಪತ್ತು ಸಾಲಿನ ಒಂದು ಫಂಕ್ಷನ್ ಇತ್ತು. ಅಲ್ಲಿಯ ಉತ್ತರಗಳೆಲ್ಲ ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್ಎ ಲೈಸೆನ್ಸ್ ಅಡಿ ಇರುತ್ತವೆ. ಬರೆದವರ ಹೆಸರು ಹಾಕಬೇಕು, ಬದಲಾಯಿಸಿ ಹಂಚಿದರೆ ಅದೇ ಷರತ್ತಿನಲ್ಲಿ ಹಂಚಬೇಕು. ಆ ಫಂಕ್ಷನ್ ಮಾಡುವ ಕೆಲಸ ನನಗೆ ಅರ್ಥವಾಗಿತ್ತು, ಹಾಗಾಗಿ ಅದನ್ನು ತೆಗೆದು ನಾನೇ ಬೇರೆ ರೀತಿಯಲ್ಲಿ ಬರೆದೆ. ಐಕಾನ್ 'ಉಚಿತ' ಅಂತ ಬರೆದ ಕಡೆಯಿಂದ ಬಂದಿತ್ತು. ಷರತ್ತು ಓದಿದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಓಪನ್ ಸೋರ್ಸ್ ಇನಿಶಿಯೇಟಿವ್ ಅನ್ನುವ ಸಂಸ್ಥೆ ಕೊಟ್ಟ ಓಪನ್ ಸೋರ್ಸ್ ವ್ಯಾಖ್ಯೆಯಲ್ಲಿ 10 ಅಂಶಗಳಿವೆ. ಇಂಥ ಕೆಲಸಕ್ಕೆ ಬಳಸಬೇಡಿ ಅಂತ ತಡೆಯುವಂತಿಲ್ಲ ಅನ್ನುವುದು ಅದರಲ್ಲೊಂದು, ವ್ಯಾಪಾರವೂ ಅದರಲ್ಲೇ ಬಂತು. ಐಕಾನ್ ಹೋಯಿತು. ಈಗಿರುವುದು ನಾನೇ ಬರೆದ ಎರಡು ಗೆರೆ, ಒಂದು ಕತ್ತರಿ. ಚೆನ್ನಾಗಿಲ್ಲ, ಆದರೆ ನನ್ನದು.

ಫಾಂಟ್ ಮಾತ್ರ ಸಲೀಸು. ಎಸ್ಐಎಲ್ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿದ್ದದ್ದು. ತಂತ್ರಾಂಶದ ಜೊತೆ ಕೊಡಬಹುದು, ಫಾಂಟನ್ನೇ ಪ್ರತ್ಯೇಕವಾಗಿ ಮಾರುವಂತಿಲ್ಲ. ಅದರ ಲೈಸೆನ್ಸ್ ಫೈಲನ್ನು ಪಕ್ಕದಲ್ಲಿಟ್ಟೆ, ಮುಗೀತು.

ಒಂದು ತಮಾಷೆಯ ಸಂಗತಿ ಹೇಳಬೇಕು. ತುಂಡುಗಳನ್ನು ಕೇಳಲು ಒಂದು ಪುಟ ತಯಾರಾಗುತ್ತದೆ. ಆ ಪುಟದ ಜಾವಾಸ್ಕ್ರಿಪ್ಟನ್ನು ಕುಗ್ಗಿಸಲು ಡಗ್ಲಸ್ ಕ್ರಾಕ್‌ಫರ್ಡ್ ಅವರ ಹಳೆಯ ಜೆಎಸ್‌ಮಿನ್ ಇಟ್ಟುಕೊಂಡಿದ್ದೆ. ಅದರ ಲೈಸೆನ್ಸ್ ಎಲ್ಲ ಎಂಐಟಿ ಅನ್ನುವ ಸಡಿಲ ಲೈಸೆನ್ಸಿನ ತರಹವೇ. ಆದರೆ ಒಂದು ಸಾಲು ಹೆಚ್ಚಿಗೆ ಇದೆ: ಇದನ್ನು ಒಳ್ಳೆಯದಕ್ಕೆ ಬಳಸಬೇಕು, ಕೆಟ್ಟದ್ದಕ್ಕಲ್ಲ. ಕೇಳಲು ಚೆಂದ ಅಲ್ವಾ? ಈ ಒಂದು ಸಾಲಿಗಾಗಿ ಡೆಬಿಯನ್ ಲಿನಕ್ಸ್‌ನವರು, ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನವರು ಇದನ್ನು ಮುಕ್ತ ತಂತ್ರಾಂಶ ಅಂತ ಒಪ್ಪುವುದಿಲ್ಲ. ಕೆಟ್ಟದ್ದು ಯಾವುದು ಅಂತ ಯಾರು ತೀರ್ಮಾನಿಸುವುದು? ದೊಡ್ಡ ಕಂಪನಿಯೊಂದರ ವಕೀಲರು 'ನಮ್ಮ ಗ್ರಾಹಕರು ಏನು ಮಾಡುತ್ತಾರೋ ಗೊತ್ತಿಲ್ಲ' ಅಂತ ಕೇಳಿಕೊಂಡಾಗ, ಕೆಟ್ಟದ್ದಕ್ಕೂ ಬಳಸಲು ಅವರಿಗೆ ವಿಶೇಷ ಅನುಮತಿ ಕೊಟ್ಟೆ ಅಂತ ಕ್ರಾಕ್‌ಫರ್ಡ್ ಅವರೇ ನಗುತ್ತಾ ಹೇಳಿದ್ದುಂಟು. ನಾನು ಕುಗ್ಗಿಸುವುದನ್ನೇ ಬಿಟ್ಟೆ. ಅಷ್ಟು ಸಣ್ಣ ಪುಟಕ್ಕೆ ಅದು ಬೇಕಾಗಿಯೂ ಇರಲಿಲ್ಲ.

ಪಟ್ಟಿ ಚೊಕ್ಕಟವಾದ ಮೇಲೆ ಆಯ್ಕೆ. ಎಂಐಟಿ ಹಾಕಿದರೆ ನನ್ನ ಹೆಸರೂ ಲೈಸೆನ್ಸೂ ಉಳಿಸಿಕೊಂಡು ಯಾರು ಏನು ಬೇಕಾದರೂ ಮಾಡಬಹುದು. ಬದಲಾಯಿಸಿದ ಕೋಡನ್ನು ಮುಚ್ಚಿಟ್ಟುಕೊಂಡು ಮಾರಬಹುದು. ಜಿಪಿಎಲ್ ಹಾಗಲ್ಲ. ಮಾರಿ, ಅಡ್ಡಿಯಿಲ್ಲ, ಆದರೆ ಕೊಂಡವರಿಗೆ ಸೋರ್ಸೂ ಸಿಗಬೇಕು, ಅದೇ ಸ್ವಾತಂತ್ರ್ಯವೂ ಸಿಗಬೇಕು ಅನ್ನುತ್ತದೆ. ಬೇರೆಯವರು ತಮ್ಮ ತಂತ್ರಾಂಶದೊಳಗೆ ಸೇರಿಸಿಕೊಳ್ಳಲಿ ಅನ್ನುವಂಥ ಲೈಬ್ರರಿಯಾಗಿದ್ದರೆ ನಾನು ಎಂಐಟಿಯನ್ನೇ ಹಾಕುತ್ತಿದ್ದೆ. ಇದು ಜನ ನೇರವಾಗಿ ಬಳಸುವ ಸಲಕರಣೆ. ಯಾರೋ ಇದಕ್ಕೊಂದು ಹೊಸ ಬಟ್ಟೆ ತೊಡಿಸಿ, ಬಾಗಿಲು ಹಾಕಿಕೊಂಡು ಮಾರುವುದು ನನಗೆ ಇಷ್ಟವಿರಲಿಲ್ಲ. ಜಿಪಿಎಲ್‌ಗೇ ಹೋದೆ.

ಎರಡನೆಯದೋ ಮೂರನೆಯದೋ? ಜಿಪಿಎಲ್ 2 ಬಂದದ್ದು 1991ರಲ್ಲಿ, 3 ಬಂದದ್ದು 2007ರಲ್ಲಿ. ಎರಡನ್ನೂ ಓದಿ ಮನಸ್ಸಿಗೆ ಹಿಡಿದದ್ದನ್ನು ಆರಿಸೋಣ ಅಂದುಕೊಂಡಿದ್ದೆ, ಅಷ್ಟರಲ್ಲಿ ನನ್ನ ಪಟ್ಟಿಯೇ ಉತ್ತರ ಕೊಟ್ಟಿತು. ಅದರಲ್ಲಿ ಅಪಾಚೆ 2.0 ಲೈಸೆನ್ಸಿನ ಒಂದು ಲೈಬ್ರರಿ ಇತ್ತು. ಅದರ ಪೇಟೆಂಟ್ ಷರತ್ತು ಜಿಪಿಎಲ್ 2ರ ಜೊತೆ ಕೂಡುವುದಿಲ್ಲ, 3ರ ಜೊತೆ ಕೂಡುತ್ತದೆ. ಲೈಸೆನ್ಸ್ ಆಯ್ಕೆ ಅಂದರೆ ಸಿದ್ಧಾಂತದ ಜಗಳ ಅಂದುಕೊಂಡವರೇ ಜಾಸ್ತಿ. ಅರ್ಧ ಮಟ್ಟಿಗೆ ಅದು ಯಾವುದು ಯಾವುದರ ಜೊತೆ ಸೇರುತ್ತದೆ ಅನ್ನುವ ಲೆಕ್ಕ.

ಲೈಸೆನ್ಸ್ ಪಠ್ಯವನ್ನು ಒಂದಕ್ಷರ ಬದಲಾಯಿಸದೆ ಹಾಕಿದೆ. ಸ್ವಂತವಾಗಿ ಲೈಸೆನ್ಸ್ ಬರೆಯುವ ಆಸೆ ಅನೇಕರಿಗೆ ಬರುತ್ತದೆ. ದಯವಿಟ್ಟು ಬೇಡ. ಪ್ರತಿ ಫೈಲಿನ ತಲೆಗೆ ಎಸ್‌ಪಿಡಿಎಕ್ಸ್ ಗುರುತಿನ, ಅಂದರೆ ಲೈಸೆನ್ಸ್ ಯಾವುದು ಅಂತ ಚುಟುಕಾಗಿ ಹೇಳುವ, ಒಂದು ಸಾಲು ಹಾಕಿದೆ. ಯಾರಾದರೂ ಒಂದೇ ಫೈಲನ್ನು ಎತ್ತಿಕೊಂಡು ಹೋದರೂ ಲೈಸೆನ್ಸ್ ಅದರ ಜೊತೆಗೇ ಹೋಗುತ್ತದೆ. ಲಿನಕ್ಸ್ ಕರ್ನಲ್‌ನಲ್ಲೂ ಈಗ ಇದೇ ಪದ್ಧತಿ.

ಸ್ವಲ್ಪ ದಿನಕ್ಕೆ ಬೇರೆಯವರೂ ಕೋಡ್ ಕಳಿಸತೊಡಗಿದರು. ಅವರು ಬರೆದ ಸಾಲಿನ ಕಾಪಿರೈಟ್ ಅವರದ್ದೇ. ಮುಂದೆ ಲೈಸೆನ್ಸ್ ಬದಲಾಯಿಸಬೇಕು ಅಂದರೆ ಅವರೆಲ್ಲರನ್ನೂ ಕೇಳಬೇಕು. ವಿಎಲ್‌ಸಿ ವಿಡಿಯೊ ಪ್ಲೇಯರ್‌ನವರು ತಮ್ಮ ಎಂಜಿನ್ ಭಾಗವನ್ನು ಜಿಪಿಎಲ್‌ನಿಂದ ಎಲ್‌ಜಿಪಿಎಲ್‌ಗೆ ತರಲು ಹೊರಟಾಗ, ವರ್ಷಗಳ ಹಿಂದೆ ಕೋಡ್ ಕೊಟ್ಟು ಮರೆಯಾದವರನ್ನೆಲ್ಲ ಒಬ್ಬೊಬ್ಬರಾಗಿ ಹುಡುಕಿ ಒಪ್ಪಿಗೆ ಪಡೆಯಬೇಕಾಯಿತು. ನಾನು ಕಾಪಿರೈಟನ್ನು ನನ್ನ ಹೆಸರಿಗೆ ಬರೆದುಕೊಡಿ ಅಂತ ಯಾರನ್ನೂ ಕೇಳಲಿಲ್ಲ. ಲಿನಕ್ಸ್‌ನವರು 2004ರಲ್ಲಿ ತಂದ ಕ್ರಮವನ್ನೇ ಇಟ್ಟುಕೊಂಡೆ. ಕೋಡ್ ಕಳಿಸುವಾಗ ಕೊನೆಯಲ್ಲಿ 'ಸೈನ್ಡ್ ಆಫ್ ಬೈ' ಅಂತ ತಮ್ಮ ಹೆಸರು ಹಾಕಬೇಕು. ಇದನ್ನು ಕೊಡುವ ಹಕ್ಕು ನನಗಿದೆ, ಈ ಲೈಸೆನ್ಸ್ ಅಡಿ ಕೊಡುತ್ತಿದ್ದೇನೆ ಅಂತ ಅದರ ಅರ್ಥ. ಒಂದು ಸಾಲಿನ ಕೆಲಸ.

ನಂತರ ಬಂದದ್ದು ನಾನು ನಿರೀಕ್ಷಿಸಿದ್ದೇ. ಯಾರೋ ನನ್ನ ತಂತ್ರಾಂಶಕ್ಕೆ ಬೇರೆ ಹೆಸರಿಟ್ಟು, ಒಂದಿಷ್ಟು ಜಾಹೀರಾತು ಸೇರಿಸಿ ಮಾರುತ್ತಿದ್ದರು. ನನ್ನ ಹೆಸರಿಲ್ಲ, ಲೈಸೆನ್ಸ್ ಇಲ್ಲ, ಸೋರ್ಸ್ ಇಲ್ಲ. ಬಳಕೆದಾರರೊಬ್ಬರು ತೋರಿಸಿದರು. ತಕ್ಷಣ ಟೇಕ್‌ಡೌನ್ ನೋಟಿಸ್ (ತಾಣದಿಂದ ತೆಗೆಸುವ ದೂರು) ಕೊಡಿ ಅಂದವರೇ ಎಲ್ಲ. ಅಮೆರಿಕದ 1998ರ ಡಿಎಂಸಿಎ ಅನ್ನುವ ಡಿಜಿಟಲ್ ಕಾಪಿರೈಟ್ ಕಾನೂನಿನಲ್ಲಿ ಆ ದಾರಿ ಇದೆ. ದೊಡ್ಡ ತಾಣಗಳು ಹೆಚ್ಚಿನವು ಅದನ್ನೇ ಪಾಲಿಸುತ್ತವೆ. ನೋಟಿಸ್ ಬಂದರೆ ಮೊದಲು ತೆಗೆಯುತ್ತಾರೆ. ಎದುರಿನವರು ಪ್ರತಿ ನೋಟಿಸ್ ಕೊಟ್ಟರೆ, ನಾವು ಕೋರ್ಟಿಗೆ ಹೋಗದಿದ್ದಲ್ಲಿ 10ರಿಂದ 14 ಕೆಲಸದ ದಿನಗಳೊಳಗೆ ವಾಪಸ್ ಹಾಕುತ್ತಾರೆ. ನನಗೆ ಈ ಪದ್ಧತಿ ಅಷ್ಟಕ್ಕಷ್ಟೆ. ಆರೋಪ ಮಾಡಿದವರ ಮಾತಿನ ಮೇಲೆ ಮೊದಲು ಬಾಗಿಲು ಮುಚ್ಚಿ, ಆಮೇಲೆ ವಿಚಾರಿಸುವುದು ಅದು.

ಅದೂ ಅಲ್ಲದೆ ನನ್ನ ದೂರು ಅವರು ಮಾರುತ್ತಿದ್ದಾರೆ ಅಂತಲ್ಲ. ಮಾರಲು ಜಿಪಿಎಲ್ ಬಿಡುತ್ತದೆ. ಷರತ್ತು ಮುರಿದಿದ್ದಾರೆ ಅನ್ನುವುದಷ್ಟೇ ದೂರು. ಜಿಪಿಎಲ್ 3ರ 8ನೇ ವಿಧಿಯಲ್ಲಿ ಇದಕ್ಕೊಂದು ಒಳ್ಳೆಯ ದಾರಿ ಇದೆ. ಷರತ್ತು ಮುರಿದರೆ ಹಕ್ಕು ಹೋಗುತ್ತದೆ, ಆದರೆ ಮೊದಲ ಸಲ ತಿಳಿಸಿದಾಗ 30 ದಿನದೊಳಗೆ ಸರಿಪಡಿಸಿದರೆ ಹಕ್ಕು ಪೂರ್ತಿ ವಾಪಸ್. ಆ ವಿಧಿಯನ್ನೇ ತೋರಿಸಿ ಒಂದು ಮೇಲ್ ಬರೆದೆ. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಯಾವ ಫೈಲುಗಳು ನನ್ನವು, ಏನೇನು ಸೇರಿಸಬೇಕು ಅಂತ ಮಾತ್ರ. ಓಪನ್ ಸೋರ್ಸ್ ಲೈಸೆನ್ಸಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ ಅಂತ ಅವರು ಅಂದುಕೊಂಡಿರಬಹುದು, ಅದಕ್ಕೇ ಇನ್ನೊಂದು ಸಾಲನ್ನೂ ಸೇರಿಸಿದೆ. ಆಟಿಕೆ ರೈಲು ಓಡಿಸುವ ತಂತ್ರಾಂಶದ ವಿಚಾರಕ್ಕೆ ನಡೆದ ಜೇಕಬ್‌ಸನ್ ಮತ್ತು ಕಾಟ್ಜರ್ ನಡುವಿನ ಮೊಕದ್ದಮೆಯಲ್ಲಿ, ಇಂಥ ಷರತ್ತು ಮೀರಿದರೆ ಅದು ಕಾಪಿರೈಟ್ ಉಲ್ಲಂಘನೆಯೇ ಆಗಬಹುದು ಅಂತ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2008ರಲ್ಲೇ ಹೇಳಿದೆ. ಉತ್ತರ ಬರಲಿಲ್ಲ. ಆದರೆ ಗಡುವಿನೊಳಗೆ ಅವರ ಪುಟದಲ್ಲಿ ಲೈಸೆನ್ಸ್, ಹೆಸರು, ಸೋರ್ಸಿನ ಕೊಂಡಿ ಎಲ್ಲ ಕಾಣಿಸಿಕೊಂಡವು. ಇವತ್ತಿಗೂ ಮಾರುತ್ತಿದ್ದಾರೆ. ಮಾರಲಿ.

ಈಗಲೂ ಪದೇ ಪದೇ ಬರುವ ಕೋರಿಕೆ ಒಂದಿದೆ. 'ನಾನು ಕೊಂಡ ಆಡಿಯೊ ಪುಸ್ತಕವನ್ನು ಇದು ಕತ್ತರಿಸುತ್ತಿಲ್ಲ, ಲಾಕ್ ಇದೆ, ಬಿಚ್ಚುವ ಸೌಲಭ್ಯ ಸೇರಿಸಿ.' ದುಡ್ಡು ಕೊಟ್ಟು ಕೊಂಡವರು ತಮ್ಮ ಬಳಕೆಗೆ ಕತ್ತರಿಸಿಕೊಂಡರೆ ತಪ್ಪೇನು ಅನ್ನುವುದೇ ನನ್ನ ಅಭಿಪ್ರಾಯ ಕೂಡ. ಆದರೆ ಡಿಎಂಸಿಎಯ 1201ನೇ ಸೆಕ್ಷನ್ ಲಾಕ್ ಮುರಿಯುವುದನ್ನೇ ಪ್ರತ್ಯೇಕ ಅಪರಾಧವಾಗಿ ನೋಡುತ್ತದೆ, ಮುರಿಯುವ ಸಲಕರಣೆ ಹಂಚುವುದನ್ನೂ. ಪ್ರತಿ 3 ವರ್ಷಕ್ಕೊಮ್ಮೆ ಅಲ್ಲಿ ಕೆಲವು ವಿನಾಯಿತಿ ಕೊಡುತ್ತಾರೆ. ಅದು ಮುರಿಯುವವರಿಗೆ ಮಾತ್ರ, ಸಲಕರಣೆ ಹಂಚುವವರಿಗೆ ಅಲ್ಲ. ಅಂದರೆ ನೀನು ಬಿಚ್ಚಬಹುದು, ಬಿಚ್ಚುವ ಕೀಲಿ ಮಾತ್ರ ಯಾರೂ ನಿನಗೆ ಕೊಡುವಂತಿಲ್ಲ! ಭಾರತದ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಸೆಕ್ಷನ್ ಇದಕ್ಕಿಂತ ವಾಸಿ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಲಾಕ್ ಮುರಿದರೆ ಮಾತ್ರ ಶಿಕ್ಷೆ ಅನ್ನುತ್ತದೆ ಅದು.

ನನ್ನ ಕೋಡ್ ಕೂತಿರುವುದು ಅಮೆರಿಕದ ತಾಣದಲ್ಲಿ. 2020ರ ಅಕ್ಟೋಬರ್‌ನಲ್ಲಿ ಯೂಟ್ಯೂಬ್ ವಿಡಿಯೊ ಇಳಿಸಿಕೊಳ್ಳುವ ಯೂಟ್ಯೂಬ್-ಡಿಎಲ್ ಅನ್ನು ಧ್ವನಿಮುದ್ರಣ ಉದ್ಯಮದ ಸಂಘ ಕೊಟ್ಟ ನೋಟಿಸಿಗೆ ಗಿಟ್‌ಹಬ್ ತೆಗೆದುಹಾಕಿತ್ತು. ಡಿಜಿಟಲ್ ಹಕ್ಕುಗಳ ಪರ ಹೋರಾಡುವ ಇಎಫ್ಎಫ್ ಸಂಸ್ಥೆಯ ವಕೀಲರು ಪತ್ರ ಬರೆದ ಮೇಲೆ ನವೆಂಬರ್‌ನಲ್ಲಿ ವಾಪಸ್ ಬಂತು, ಇಂಥ ಪ್ರಕರಣಗಳಿಗಾಗಿ ಗಿಟ್‌ಹಬ್ 10 ಲಕ್ಷ ಡಾಲರಿನ ನಿಧಿಯನ್ನೂ ಇಟ್ಟಿತು. ಅದು ಲಕ್ಷಾಂತರ ಜನ ಬಳಸುವ ತಂತ್ರಾಂಶ, ಹೋರಾಡುವವರಿದ್ದರು. ನನ್ನದಕ್ಕೆ ಯಾರು ಬರುತ್ತಾರೆ? ಹಾಗಾಗಿ ಆ ಕೋರಿಕೆ ಬಂದಾಗಲೆಲ್ಲ ಕಾರಣ ಬರೆದು ಮುಚ್ಚುತ್ತೇನೆ. ಜೊತೆಗೆ ಲಾಕ್ ಇಲ್ಲದೆ ಮಾರುವ ಅಂಗಡಿಗಳೂ ಇವೆ, ಕೊಳ್ಳುವ ಮೊದಲು ಅದನ್ನು ನೋಡಿಕೊಳ್ಳಿ ಅಂತ ಬರೆಯುತ್ತೇನೆ. ಕೆಲವರು ಸಿಟ್ಟಾಗುತ್ತಾರೆ. ಜಿಪಿಎಲ್ ಇದೆ, ಕೋಡ್ ತಗೊಂಡು ನೀವೇ ಸೇರಿಸಿಕೊಳ್ಳಿ ಅನ್ನುತ್ತೇನೆ. ಒಂದಿಬ್ಬರು ಹಾಗೇ ಮಾಡಿಯೂ ಇದ್ದಾರೆ.