ಪದಬಂಧ: ಮೂರಕ್ಷರದ ಪದಗಳನ್ನು ಬಿಡಿಸುವ ಬಗೆ

ಪದಬಂಧ ಬಿಡಿಸುವವರನ್ನು ಕಾಡುವುದು ಉದ್ದದ ಪದಗಳಲ್ಲ. ಬೇಂದ್ರೆಯವರ ಕಾವ್ಯನಾಮ ಎಂಟು ಮನೆ ತುಂಬುತ್ತದೆ. ಎರಡಕ್ಷರ ಬಿದ್ದರೆ ಸಾಕು, ‘ಅಂಬಿಕಾತನಯದತ್ತ’ ತಾನಾಗಿ ಹೊಳೆಯುತ್ತದೆ. ‘ಮೋಡ (3)’ ಎಂಬ ಪುಟ್ಟ ಸುಳಿವಿಗೆ ಮಾತ್ರ ಏಳೆಂಟು ಉತ್ತರಗಳು ಸಾಲುಗಟ್ಟುತ್ತವೆ. ಸರಿಯಾದುದನ್ನು ಆರಿಸಲು ನಿಘಂಟು ಬಾಯಿಪಾಠ ಮಾಡಬೇಕಿಲ್ಲ, ಇಂಥ ಪದಗಳು ಹುಟ್ಟುವ ಕ್ರಮ ತಿಳಿದಿರಬೇಕು.

ಮೊದಲು ಮನೆಗಳ ಲೆಕ್ಕ. ಗುಣಿತ, ಒತ್ತು, ಸೊನ್ನೆ ಎಲ್ಲವೂ ಆಯಾ ಅಕ್ಷರದ ಜೊತೆ ಒಂದೇ ಮನೆಯಲ್ಲಿ ಕೂರುತ್ತವೆ. ‘ಸ್ತ್ರೀ’ ಒಂದು ಮನೆ, ‘ಕರ್ಣ’ ಎರಡು, ‘ಅಂಗಳ’ ಮೂರು. ಅಡ್ಡ ಸಾಲೂ ಉದ್ದ ಸಾಲೂ ಕೂಡುವಲ್ಲಿ ‘ಕ’ ಮತ್ತು ‘ಕಾ’ ಒಂದಕ್ಕೊಂದು ಒಪ್ಪುವುದಿಲ್ಲ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಈ ಆಟ ಶುರುಮಾಡಿದಾಗ ಒಂದು ಮನೆಗೆ 26 ಅಕ್ಷರಗಳಲ್ಲೊಂದು ಬಂದರಾಯಿತು. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಸೇರಿ ಆಯ್ಕೆಗಳು ನೂರಾರು. ರಚಿಸುವವರು ಸಂಸ್ಕೃತ, ಹಳಗನ್ನಡಗಳ ಅಟ್ಟ ಹುಡುಕುವುದು ಪಾಂಡಿತ್ಯ ಮೆರೆಯಲೆಂದೇ ಅಲ್ಲ. ‘ಧಿ’ಯಲ್ಲಿ ಮುಗಿಯುವ ಪದ ದಿನಬಳಕೆಯಲ್ಲಿ ಅವರಿಗೆ ಸುಲಭಕ್ಕೆ ಸಿಗುವುದಿಲ್ಲ. ಬಿಡಿಸುವವರಿಗೆ ಇದರಿಂದ ಲಾಭವೇ. ಕೂಡುಮನೆಯ ಒಂದಕ್ಷರ ವ್ಯಂಜನವನ್ನೂ ಸ್ವರವನ್ನೂ ಒಟ್ಟಿಗೆ ಕೊಟ್ಟುಬಿಡುತ್ತದೆ.

ಈಗ ‘ಮೋಡ’ಕ್ಕೆ ಬನ್ನಿ. ನೀರಿಗಿರುವ ಹೆಸರುಗಳನ್ನು ನೆನೆಯಿರಿ: ಜಲ, ವಾರಿ, ಅಂಬು, ತೋಯ, ನೀರ, ಪಯ. ಇವಕ್ಕೆ ‘ಜ’ ಸೇರಿದರೆ ನೀರಲ್ಲಿ ಹುಟ್ಟಿದ್ದು, ಅಂದರೆ ತಾವರೆ: ಜಲಜ, ವಾರಿಜ, ಅಂಬುಜ, ನೀರಜ. ‘ದ’ ಸೇರಿದರೆ ನೀರು ಕೊಡುವುದು, ಅಂದರೆ ಮೋಡ: ಜಲದ, ವಾರಿದ, ಅಂಬುದ, ತೋಯದ, ನೀರದ, ಪಯೋದ. ‘ಧಿ’ ಸೇರಿದರೆ ಕಡಲು: ಜಲಧಿ, ವಾರಿಧಿ, ಅಂಬುಧಿ, ಪಯೋಧಿ. ಆರು ಪದ, ಮೂರು ಬಾಲ. ಕನ್ನಡ ಪದಬಂಧದ ಅರ್ಧ ಬಂಡವಾಳ ಇದೇ ಎಂದರೆ ಉತ್ಪ್ರೇಕ್ಷೆ ತುಸುವೇ.

ಆದ್ದರಿಂದ ‘ಮೋಡ (3)’ ಕಂಡೊಡನೆ ಕೊನೆಯ ಮನೆಯಲ್ಲಿ ಪೆನ್ಸಿಲಿನಿಂದ ತೆಳುವಾಗಿ ‘ದ’ ಬರೆಯಿರಿ. ಮೊದಲೆರಡು ಮನೆ ಖಾಲಿ ಇರಲಿ. ನಡುಮನೆಯನ್ನು ಹಾಯುವ ಉದ್ದ ಸಾಲು ಬಿಡಿಸಿ. ಅಲ್ಲಿ ‘ರಿ’ ಬಂದರೆ ವಾರಿದ, ‘ಲ’ ಬಂದರೆ ಜಲದ, ‘ಬು’ ಬಂದರೆ ಅಂಬುದ, ‘ಯ’ ಬಂದರೆ ತೋಯದ. ಆರಕ್ಕೂ ನಡುವಿನ ಅಕ್ಷರ ಬೇರೆಬೇರೆ, ಹಾಗಾಗಿ ಒಂದೇ ಅಕ್ಷರ ತೀರ್ಪು ಕೊಡುತ್ತದೆ. ‘ದ’ ಹೊಂದದೆ ಹೋದರೆ ‘ಮುಗಿಲು’, ‘ಜೀಮೂತ’ ನೋಡಿ. ತಾವರೆಯ ಸುಳಿವಿಗೆ ‘ಕುಮುದ’ ತುಂಬುವುದು ಹಳೆಯ ತಪ್ಪು. ಅದು ನೈದಿಲೆ, ರಾತ್ರಿ ಅರಳುವ ಹೂವು.

ಇನ್ನೆರಡು ಬಾಲಗಳನ್ನೂ ಕಲಿತಿಡಿ. ‘ಗ’ ಎಂದರೆ ಹೋಗುವುದು: ಖಗ ಆಕಾಶದಲ್ಲಿ, ಉರಗ ಎದೆಯ ಮೇಲೆ, ತುರಗ ವೇಗವಾಗಿ. ಹೋಗದೆ ಇರುವುದು ನಗ, ಅಂದರೆ ಬೆಟ್ಟ. ಅದೇ ‘ನಗ’ ಆಭರಣವೂ ಹೌದಾದ್ದರಿಂದ ‘ಒಡವೆ (2)’ ಎಂಬ ಸುಳಿವಿಗೂ ಸಲ್ಲುತ್ತದೆ. ‘ಪ’ ಎಂದರೆ ಕುಡಿಯುವುದು: ಮಧುಪ ದುಂಬಿ, ಪಾದಪ ಮರ, ದ್ವಿಪ ಆನೆ. ‘ಭೂಪ’ನ ‘ಪ’ ಮಾತ್ರ ಕಾಯುವುದು. ದೊರೆ ಭೂಮಿಯನ್ನು ಕುಡಿಯುವವನಲ್ಲ, ಕನಿಷ್ಠ ನಿಘಂಟಿನ ಪ್ರಕಾರ.

ಹಳಗನ್ನಡದ ಪದಗಳಿಗೆ ಸುಲಭದ ಕೀಲಿಯಿದೆ: ‘ಹ’ಕಾರವನ್ನು ‘ಪ’ಕಾರ ಮಾಡಿ. ಹುಲಿ ಪುಲಿ, ಹಾವು ಪಾವು, ಹಂದಿ ಪಂದಿ. ಇದು ಅಚ್ಚಗನ್ನಡಕ್ಕೆ ಮಾತ್ರ. ಸಂಸ್ಕೃತದ ಹರಿ, ಹಂಸಗಳಿಗೆ ಸಲ್ಲದು. ತದ್ಭವ ಕೇಳಿದರೆ ‘ವ’ವನ್ನು ‘ಬ’, ‘ಯ’ವನ್ನು ‘ಜ’ ಮಾಡಿ ನೋಡಿ: ವನ ಬನ, ಯುಗ ಜುಗ, ಯಶ ಜಸ. ಹಂಸ ‘ಅಂಚೆ’ಯಾಗುವುದು ರಚನಕಾರರಿಗೆ ಬಲು ಪ್ರಿಯ. ‘ಟಪಾಲು ತರುವ ಹಂಸ (2)’ ಎಂದರೆ ಗಾಬರಿಯಾಗಬೇಡಿ.

ಸುಳಿವಿನಲ್ಲಿ ‘ತಿರುಗಿ’, ‘ಹಿಂದುಮುಂದಾಗಿ’ ಎಂದಿದ್ದರೆ ಅಕ್ಷರಗಳನ್ನು ಗುಣಿತ ಸಮೇತ ಹಿಂದಿನಿಂದ ಓದಿ. ನದಿ ತಿರುಗಿದರೆ ದಿನ. ಕೋಗಿಲೆ ಹಿಂದುಮುಂದಾದರೆ ಕೋತಿ: ಪಿಕ, ಕಪಿ.

ಸಾಮಾನ್ಯ ಜ್ಞಾನದ ಸುಳಿವುಗಳು ಕೆಲವೇ ಕಟ್ಟುಗಳಿಂದ ಬರುತ್ತವೆ. ಕಾವ್ಯನಾಮಗಳು: ಮಾಸ್ತಿ ‘ಶ್ರೀನಿವಾಸ’, ಗೋಕಾಕ ‘ವಿನಾಯಕ’, ಎರಡಕ್ಕೂ ನಾಲ್ಕೇ ಮನೆ. ಊರುಗಳ ಹಳೆಯ ಹೆಸರು: ಬಾದಾಮಿಗೆ ವಾತಾಪಿ, ಮಳಖೇಡಕ್ಕೆ ಮಾನ್ಯಖೇಟ, ಹಳೇಬೀಡಿಗೆ ದ್ವಾರಸಮುದ್ರ. ಪಾಂಡವರ ಶಂಖಗಳು, ವಿರಾಟನಗರದ ವೇಷದ ಹೆಸರುಗಳು, ಅರವತ್ತು ಸಂವತ್ಸರಗಳು. ಇಲ್ಲಿ ತೊಡಕು ತಿಳಿಯದಿರುವುದರಿಂದಲ್ಲ, ಒಂದೇ ಹೆಸರಿಗೆ ಹಲವು ರೂಪ ಇರುವುದರಿಂದ. ಅಡುಗೆಯವನಾದ ಭೀಮ ಕನ್ನಡದಲ್ಲಿ ‘ವಲಲ’, ವ್ಯಾಸಭಾರತದಲ್ಲಿ ‘ಬಲ್ಲವ’. ಎರಡಕ್ಕೂ ಮೂರು ಮನೆ. ನದಿಯ ಹೆಸರಾದರೆ ಕಪಿಲಾ, ಕಪಿಲೆ, ಕಬಿನಿ ಮೂರೂ ಕೂರುತ್ತವೆ. ಇಂಥ ಕಡೆ ಕೊನೆಯ ಮನೆಯನ್ನು ಅಡ್ಡ ಹಾಯುವ ಪದ ಸಿಗುವವರೆಗೆ ತುಂಬಬೇಡಿ.

ಒಂದು ಮೂಲೆ ಪೂರ್ತಿ ಕಟ್ಟಿಕೊಂಡರೆ, ಅಲ್ಲಿ ಖಚಿತವೆಂದು ಬರೆದ ಪದವನ್ನೇ ಮೊದಲು ಅನುಮಾನಿಸಿ. ಅನಲ ಬೆಂಕಿ, ಅನಿಲ ಗಾಳಿ. ಸುತ ಮಗ, ಸೂತ ಸಾರಥಿ. ಕುಲ ವಂಶ, ಕೂಲ ದಡ. ಒಂದು ಗುಡಿಸು, ಒಂದು ದೀರ್ಘ ತಪ್ಪಿದರೆ ಆ ಮನೆ ಹಾಯುವ ಪದವೂ ಕೆಡುತ್ತದೆ. ಸುಳಿವಿನ ವಿಭಕ್ತಿಯನ್ನೂ ನೋಡಿ. ‘ಕಾಡಿನಲ್ಲಿ’ ಎಂದಿದ್ದರೆ ‘ಅಡವಿ’ ಸಾಲದು, ‘ಅಡವಿಯಲ್ಲಿ’ ಬೇಕು, ಐದು ಮನೆ.

ಇಷ್ಟಾದ ಮೇಲೆ ನಿಘಂಟು ತೆರೆಯಿರಿ. ಮೊದಲ ಅಕ್ಷರ ಸಿಕ್ಕಿದ್ದರೆ 1894ರ ಕಿಟ್ಟೆಲ್ ನಿಘಂಟಿನಲ್ಲಿ ಹಳಗನ್ನಡ ರೂಪಗಳೂ ಸಿಗುತ್ತವೆ. ಅರ್ಥ ಮಾತ್ರ ಗೊತ್ತಿದ್ದರೆ ಅಕಾರಾದಿ ನಿಘಂಟಿನಿಂದ ಉಪಯೋಗವಿಲ್ಲ. ಪದಗಳನ್ನು ಅರ್ಥದ ಗುಂಪಿನಲ್ಲಿ ಇಟ್ಟಿರುವ ಅಮರಕೋಶ ಆಗ ಕೆಲಸಕ್ಕೆ ಬರುತ್ತದೆ.

ಮೊಬೈಲಿನಲ್ಲಿ ಬಿಡಿಸುವವರಿಗೆ ಇನ್ನೊಂದು ಮಾತು: ಕಂಪ್ಯೂಟರಿಗೆ ‘ಸ್ತ್ರೀ’ ಆರು ಸಂಕೇತಗಳ ಸರಣಿ. ಅಳಿಸುವ ಕೀಲಿ ಒಮ್ಮೆ ಒತ್ತಿದರೆ ಸಾಮಾನ್ಯವಾಗಿ ‘ಈ’ಕಾರದ ಗುಣಿತವಷ್ಟೇ ಹೋಗಿ ಉಳಿದದ್ದು ಮನೆಯಲ್ಲೇ ಕೂತಿರುತ್ತದೆ. ತಿದ್ದುವಾಗ ಮನೆಯನ್ನು ಪೂರ್ತಿ ಖಾಲಿ ಮಾಡಿ ಹೊಸದಾಗಿ ಬರೆಯಿರಿ.